ಏಳು ಶನಿವಾರ, ಮೇಲೆ ಆರು ಕಿಲೋಮೀಟರ್

ಮಾರ್ಚ್ ೧೪, ಶನಿವಾರ
ಬೆಳಿಗ್ಗೆ ಹನ್ನೊಂದು ಗಂಟೆ

ಮಗಳೇ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ. ಐದು ವರ್ಷ ಮಾತುಕತೆಯಿಲ್ಲದೆ ಇದ್ದು ಈಗ ಆ ಪದ ಹಾಕಿದರೆ ನೀನು ಅಲ್ಲಿಗೇ ಕಾಗದ ಮಡಿಚಿಡುತ್ತೀಯ ಅನ್ನಿಸಿ ಹೊಸ ಹಾಳೆ ತೆಗೆದುಕೊಂಡೆ. ಫೋನು ಮಾಡೋಣವೆಂದರೆ ನನ್ನ ನಂಬರಿಗೆ ನಿನ್ನ ಫೋನು ಬಾಗಿಲು ತೆರೆಯುವುದಿಲ್ಲ. ವಿಳಾಸ ಕೊಟ್ಟಿದ್ದು ನಿನ್ನ ಅಪ್ಪ ಅಲ್ಲ, ಅವರನ್ನು ಬೈಯಬೇಡ. ಕಾರು ಕೊಟ್ಟಿತು. ಹೇಗೆಂದು ಮುಂದೆ ಬರೆಯುತ್ತೇನೆ.

ನೀನು ರೋಗಿಗೆ ತಪ್ಪು ಮಾತ್ರೆ ಕೊಟ್ಟೆ ಎಂದು ಆಸ್ಪತ್ರೆಗೆ ವರದಿ ಬರೆದುಕೊಟ್ಟವಳು ನಿನ್ನ ಹೆತ್ತ ತಾಯಿ. ಅದನ್ನು ನೀನು ಮರೆತಿಲ್ಲ, ನಾನೂ ಮರೆತಿಲ್ಲ. ಹಾಗಾಗಿ ಆ ಮಾತು ಆಮೇಲೆ. ಮೊದಲು ನನ್ನ ಸಮಾಚಾರ. ಕಳೆದ ವರ್ಷ ನಿವೃತ್ತಿಯಾಯಿತು. ಮೂವತ್ತೊಂದು ವರ್ಷ ಔಷಧ ವಿಭಾಗದ ಕೌಂಟರಿನಲ್ಲಿ ನಿಂತವಳಿಗೆ ಬೀಳ್ಕೊಡುಗೆಯಲ್ಲಿ ಗೋಡೆ ಗಡಿಯಾರ ಕೊಟ್ಟರು. ಕೂರಲು ಒಂದು ಕುರ್ಚಿ ಕೊಟ್ಟಿದ್ದರೆ ಚೆನ್ನಾಗಿತ್ತು. ಮೊಣಕಾಲು ನೋವು ಇದ್ದ ಹಾಗೇ ಇದೆ. ನಿನ್ನ ಅಪ್ಪ ಹೇಗಿದ್ದಾರೆ ಎಂದು ನಾನು ನಿನಗೆ ಬರೆಯಬೇಕಾಗಿಲ್ಲ. ಬೇಕಾದರೆ ನೀನೇ ನನಗೆ ಬರೆಯಬಹುದು.

ಈಗ ವಿಷಯ. ನಮ್ಮ ಹೈಬ್ರಿಡ್ ಕಾರು ಕೆಟ್ಟಿತು.

ಐದು ವಾರದ ಹಿಂದೆ, ಒಂದು ಸೋಮವಾರ. ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೆ. ದೊಡ್ಡ ಸಿಗ್ನಲ್ಲಿನಲ್ಲಿ ಹಸಿರು ಬಿತ್ತು, ಕಾಲು ಒತ್ತಿದೆ, ಕಾರು ಕದಲಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಇರುವ ದೀಪವೆಲ್ಲ ಒಟ್ಟಿಗೆ ಹತ್ತಿಕೊಂಡವು, ಮಧ್ಯದಲ್ಲಿ ಒಂದು ಕೆಂಪು ತ್ರಿಕೋಣ. ಕಾರು ಕೊಂಡ ಹೊಸದರಲ್ಲಿ ನಾನು ಇಂಜಿನ್ನಿನ ಸದ್ದು ಕೇಳಿಸಲಿಲ್ಲವೆಂದು ಮತ್ತೆ ಮತ್ತೆ ಗುಂಡಿ ಒತ್ತುತ್ತಿದ್ದರೆ ನೀನು ಪಕ್ಕದಲ್ಲಿ ಕೂತು, ಅದು ಆಗಲೇ ಶುರುವಾಗಿದೆ ಅಮ್ಮ, ಪಾಪ ಬಿಟ್ಟುಬಿಡು ಅದನ್ನ, ಎಂದು ನಗುತ್ತಿದ್ದೆ. ಅವತ್ತೂ ಅದೇ ಆಗಿರಬೇಕೆಂದು ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಹಿಂದಿನವರ ಹಾರನ್ನಿಗೆ ಕಿವಿ ಕಿತ್ತುಬಂತು. ಕೊನೆಗೆ ಗಾಡಿ ಎಳೆಯುವ ಲಾರಿ ಬಂದು ಅದನ್ನು ಎತ್ತಿಕೊಂಡು ಹೋಯಿತು. ನಾನು ಲಾರಿ ಚಾಲಕನ ಪಕ್ಕ ಕೂತು ಸರ್ವಿಸ್ ಸೆಂಟರಿಗೆ ಹೋದೆ.

ಅಲ್ಲಿ ಗಾಜಿನ ಕೋಣೆ, ಮೆತ್ತನೆಯ ಸೋಫಾ, ಪುಕ್ಕಟೆ ಕಾಫಿಯ ಯಂತ್ರ. ಇಷ್ಟೆಲ್ಲ ಪುಕ್ಕಟೆ ಕೊಡುವವರು ಕೊನೆಗೆ ಎಷ್ಟು ಕೀಳುತ್ತಾರೋ ಎಂದುಕೊಂಡೆ. ಮೂರು ಗಂಟೆ ಕಾಯಿಸಿ, ಸರ್ವಿಸ್ ಅಡ್ವೈಸರ್ ಎನ್ನುವವರು ಬಂದು ಎದುರು ಕೂತರು. ದನಿ ತುಂಬ ಮೃದು.

“ಮೇಡಂ, ಗಾಡಿ ಓಡಿಸೋ ದೊಡ್ಡ ಬ್ಯಾಟರಿ ಹೋಗಿದೆ. ಪೂರ್ತಿ ಹೊಸದೇ ಹಾಕ್ಬೇಕು.”

ಅವರು ಹೇಳಿದ ಮೊತ್ತ ನನ್ನ ಎಂಟು ತಿಂಗಳ ಪಿಂಚಣಿ. ನಾನು ಗಾಬರಿಯಾಗಲಿಲ್ಲ. ಕಾಗದಪತ್ರ ಇಟ್ಟುಕೊಳ್ಳುವವಳು ನಾನು, ಗೊತ್ತಲ್ಲ. ಚೀಲದಿಂದ ವಾರಂಟಿ ಪುಸ್ತಕ ತೆಗೆದು ಮುಂದಿಟ್ಟೆ. ಬ್ಯಾಟರಿಗೆ ಎಂಟು ವರ್ಷ ಎಂದಿದೆ, ನಮ್ಮದು ಏಳು ವರ್ಷ ಎರಡು ತಿಂಗಳು ಎಂದೆ. ಅವರು ಪುಸ್ತಕವನ್ನು ನನ್ನ ಕಡೆಗೇ ತಿರುಗಿಸಿ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು.

“ಎಂಟು ವರ್ಷ, ಇಲ್ಲಾಂದ್ರೆ ಒಂದು ಲಕ್ಷದ ಅರವತ್ತು ಸಾವಿರ ಕಿಲೋಮೀಟರ್. ಯಾವುದು ಮೊದಲು ಬರುತ್ತೋ ಅದು ಮೇಡಂ. ನಿಮ್ದು ಸಾವಿರದ ನಾನೂರ ತೊಂಬತ್ತು ಜಾಸ್ತಿ ಓಡಿದೆ.”

ಅಷ್ಟು ಓಡಿರಲು ಸಾಧ್ಯವೇ ಇಲ್ಲ, ಮೀಟರು ಕೆಟ್ಟಿರಬೇಕು ಎಂದು ವಾದಿಸಿದೆ. ಆಸ್ಪತ್ರೆಗೆ ಹೋಗಿಬರುವುದಕ್ಕೆ ದಿನಕ್ಕೆ ಎಷ್ಟು, ಪೇಟೆಗೆ ಎಷ್ಟು, ವರ್ಷಕ್ಕೊಮ್ಮೆ ನಿನ್ನ ಸೋದರತ್ತೆಯ ಊರಿಗೆ ಎಷ್ಟು ಎಂದು ಅಲ್ಲೇ ಕೂಡಿಸಿ ತೋರಿಸಿದೆ. ಹೇಗೆ ಕೂಡಿಸಿದರೂ ಒಂದು ಲಕ್ಷದ ನಲವತ್ತೆರಡು ಸಾವಿರ ದಾಟಲಿಲ್ಲ. ಅವರು ಪಾಪ, ತಲೆಯಾಡಿಸುತ್ತಾ ಕೇಳಿದರು. ದಿನಾಂಕ ಮುಗಿದ ಔಷಧಕ್ಕೆ ಒಂದೇ ದಿನ ತಾನೇ ದಾಟಿದ್ದು ಎಂದು ಗೋಗರೆದವರ ಎದುರು ನಾನು ಹೀಗೇ ತಲೆಯಾಡಿಸುತ್ತಿದ್ದೆ. ಆಡಿಸಿ, ಆಮೇಲೆ ಇಲ್ಲ ಅನ್ನುತ್ತಿದ್ದೆ. ಅವರೂ ಹಾಗೇ ಅಂದರು. ಒಂದು ದಾರಿಯಿದೆ, ಸ್ವಲ್ಪವೇ ದಾಟಿದ್ದರೆ ಕಂಪನಿಯವರು ದೊಡ್ಡ ಮನಸ್ಸು ಮಾಡಿ ಅರ್ಧ ಖರ್ಚು ಹೊರುವುದುಂಟು, ಮ್ಯಾನೇಜರಿಗೆ ಅರ್ಜಿ ಬರೆದುಕೊಡಿ ಎಂದರು. ಬರೆದುಕೊಟ್ಟೆ.

ಮನೆಗೆ ಬಂದು ನಿನ್ನ ಅಪ್ಪನಿಗೆ ಹೇಳಿದೆ. ಕಿಲೋಮೀಟರಿನ ಮಾತು ಬಂದಾಗ ಅವರು ಎದ್ದು ಹೋಗಿ ಗಿಡಕ್ಕೆ ನೀರು ಹಾಕಲು ಶುರುಮಾಡಿದರು. ಬೆಳಿಗ್ಗೆ ತಾನೇ ಹಾಕಿದ್ದ ಗಿಡ. ಎರಡು ದಿನ ಬಿಟ್ಟು ಮ್ಯಾನೇಜರ್ ಕರೆದಾಗ, ಹೊಟ್ಟೆ ಸರಿಯಿಲ್ಲ, ನೀನೇ ಹೋಗಿ ಬಾ ಎಂದರು. ಹೋದೆ.

ಮ್ಯಾನೇಜರ್ ಕೋಣೆಯಲ್ಲಿ ಅಡ್ವೈಸರ್ ಕೂಡ ಇದ್ದರು. ಮ್ಯಾನೇಜರ್ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿ, ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದೀರಾ ಎಂದು ಕೇಳಿದರು. ಕಾರು ತಾನು ಎಷ್ಟು ಓಡಿದೆ ಎಂದು ತಾನೇ ಬರೆದಿಟ್ಟುಕೊಳ್ಳುತ್ತದಂತೆ. ಮೂರೂವರೆ ವರ್ಷದಿಂದ ಎರಡು ವಾರಕ್ಕೊಂದು ಶನಿವಾರ, ಹೋಗುವಾಗ ನೂರಾ ಆರು ಕಿಲೋಮೀಟರ್, ಬರುವಾಗ ನೂರಾ ಆರು. ಒಂದು ಸಲವೂ ತಪ್ಪಿಲ್ಲ.

“ಹೀಗೆ ಲೆಕ್ಕ ಹಿಡಿದ ಹಾಗೆ ಓಡೋದು ಟ್ಯಾಕ್ಸಿ ಮಾತ್ರ ಮೇಡಂ. ಬಾಡಿಗೆ ಗಾಡಿಗೆ ಕಂಪನಿ ಏನೂ ಕೊಡಲ್ಲ.”

“ನಮ್ಮ ಯಜಮಾನ್ರು ಶನಿವಾರ ಚೆಸ್ ಆಡೋಕೆ ಹೋಗ್ತಾರೆ,” ಎಂದೆ. “ಕ್ಲಬ್ ಇಲ್ಲೇ ನಾಲ್ಕು ಕಿಲೋಮೀಟರ್.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ಇಬ್ಬರೂ ನನ್ನನ್ನು ನೋಡಿದರು. ಅವರು ಏನು ಅಂದುಕೊಂಡರೆಂದು ತಿಳಿಯದಷ್ಟು ದಡ್ಡಿ ನಾನಲ್ಲ. ಅರವತ್ತರ ಹೆಂಗಸಿಗೆ ಗಂಡನ ಇನ್ನೊಂದು ಮನೆಯ ಸುದ್ದಿ ಕಾರು ರಿಪೇರಿ ಮಾಡುವವರಿಂದ ತಿಳಿಯುತ್ತಿದೆ ಎಂಬ ಕನಿಕರ ಅದು. ಮ್ಯಾನೇಜರ್ ನನಗೆ ಒಂದು ಲೋಟ ನೀರು ತರಿಸಿದರು. ಆ ನೀರಿನಷ್ಟು ಅವಮಾನ ನನಗೆ ಯಾವತ್ತೂ ಆಗಿರಲಿಲ್ಲ.

ಅಷ್ಟರಲ್ಲಿ ಮೆಕ್ಯಾನಿಕ್ ಒಳಗೆ ಬಂದರು. ಐವತ್ತೆಂಟರ ಆಸುಪಾಸು, ಒಂದು ಕಿವಿ ಮಂದ. ಅಲ್ಲಿ ಎಲ್ಲರೂ ಅವರನ್ನು ದೊಡ್ಡಪ್ಪ ಎಂದೇ ಕರೆಯುತ್ತಾರೆ. ಮೊಣಕೈವರೆಗಿನ ರಬ್ಬರ್ ಕೈಗವಸು ಹಾಗೇ ಇತ್ತು. ಕೈಯಲ್ಲಿ ಅಂಗೈಯಗಲದ ಒಂದು ಫಿಲ್ಟರ್.

“ಅಮ್ಮಾ, ಮನೇಲಿ ನಾಯಿ ಇದ್ಯಾ?”

“ಇಲ್ಲ.”

ಅವರು ಫಿಲ್ಟರನ್ನು ಕಾಗದದ ಮೇಲೆ ತಟ್ಟಿದರು. ತಾಮ್ರದ ಬಣ್ಣದ ಕೂದಲು, ಹಾಸಿಗೆಯ ಹತ್ತಿಯ ಹಾಗೆ ಒತ್ತೊತ್ತಾಗಿ ಬಿತ್ತು. ಹಿಂದಿನ ಸೀಟಿನ ಪಕ್ಕದಲ್ಲಿ ಒಂದು ಜಾಲರಿ ಇದೆಯಂತೆ. ಅಲ್ಲಿಂದ ಗಾಳಿ ಎಳೆದುಕೊಂಡು ಬ್ಯಾಟರಿ ತಣ್ಣಗಿರಬೇಕಂತೆ. ಈ ಕೂದಲು ಗಾಳಿ ಬಿಡಲಿಲ್ಲ, ಬ್ಯಾಟರಿ ಬೆಂದು ಸತ್ತಿತು. ಮ್ಯಾನೇಜರ್ ಕುರ್ಚಿಗೆ ಒರಗಿದರು. ಹಾಗಾದರೆ ಇದು ಗ್ರಾಹಕರ ನಿರ್ಲಕ್ಷ್ಯ, ಕಂಪನಿಯಿಂದ ಒಂದು ಬಿಡಿಗಾಸೂ ಬರುವುದಿಲ್ಲ ಎಂದರು.

ನಾನು ವರ್ಕ್‌ಶಾಪಿಗೆ ಹೋಗಿ ನಮ್ಮ ಕಾರಿನಲ್ಲಿ ಕೂತೆ. ದೀಪ ಹತ್ತಿಸುವ ಸಣ್ಣ ಬ್ಯಾಟರಿಗೆ ಇನ್ನೂ ಜೀವ ಇತ್ತು. ಪರದೆ ಹತ್ತಿಸಿಕೊಡಿ ಎಂದು ದೊಡ್ಡಪ್ಪನನ್ನು ಕೇಳಿದೆ. ದಾರಿ ತೋರಿಸುವ ನಕ್ಷೆಯಲ್ಲಿ ಮೂರು ಹೆಸರು ಉಳಿಸಿಟ್ಟಿತ್ತು. ಮನೆ. ಆಸ್ಪತ್ರೆ. ಕೂಸು.

ನಿನ್ನನ್ನು ಆ ಹೆಸರಿನಿಂದ ಕರೆಯುವವರು ಈ ಲೋಕದಲ್ಲಿ ಒಬ್ಬರೇ. ವಿಳಾಸ ಬರೆದುಕೊಂಡೆ. ಕೂದಲನ್ನು ಒಂದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿಸಿಕೊಂಡೆ.

ಮನೆಗೆ ಬಂದಾಗ ನಿನ್ನ ಅಪ್ಪ ಅಂಗಿಗೆ ಇಸ್ತ್ರಿ ಹಾಕುತ್ತಿದ್ದರು. ಚೀಲವನ್ನು ಇಸ್ತ್ರಿ ಮೇಜಿನ ಮೇಲಿಟ್ಟೆ. ಅವರು ಅದನ್ನು ನೋಡಿದರು, ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದರು. ಸುಳ್ಳು ಹೇಳಲಿಲ್ಲ.

“ಹಿಂದಿನ ಸೀಟಲ್ಲಿ ಮಲಗುತ್ತೆ ಅದು,” ಎಂದರು. “ಕೂಸು ಮುಂದೆ ಕೂರ್ತಾಳೆ. ಕೆರೆ ತನಕ ಹೋಗಿ ಬರ್ತೀವಿ. ಅದಕ್ಕೆ ನೀರು ಕಂಡ್ರೆ ಹುಚ್ಚು.”

ಮೂರೂವರೆ ವರ್ಷ ಶನಿವಾರ ಸಂಜೆ ಅವರು ಹೊಸಿಲಲ್ಲೇ ನಿಂತು ಪ್ಯಾಂಟು ಕೊಡವಿಕೊಂಡು ಒಳಗೆ ಬರುತ್ತಿದ್ದರು. ಚೆಸ್ ಕ್ಲಬ್ಬಿನಲ್ಲಿ ಕಸ ಗುಡಿಸುವವರಿಲ್ಲವೇ ಎಂದು ನಾನು ಬೈಯುತ್ತಿದ್ದೆ. ಅವರು ಹೌದೆಂದು ನಗುತ್ತಿದ್ದರು.

ಯಾಕೆ ಹೇಳಲಿಲ್ಲ, ಬೇಡ ಅನ್ನುತ್ತಿದ್ದೆನೇ ಎಂದು ಕೇಳಿದೆ.

“ಬೇಡ ಅಂತಿರ್ಲಿಲ್ಲ. ಹೋಗಿ ಬಂದ ಮೇಲೆ ನೀನು ಕೇಳ್ತಿದ್ದೆ. ಏನಂದ್ಲು, ತಪ್ಪು ಒಪ್ಕೊಂಡ್ಲಾ ಅಂತ. ಪ್ರತಿ ಸಲವೂ ಕೇಳ್ತಿದ್ದೆ.”

ಇಂಥ ಹೊತ್ತಿನಲ್ಲಿ ನಾನೇನು ಮಾಡುತ್ತೇನೆಂದು ನಿನಗೆ ಗೊತ್ತು. ಪೆನ್ನು ತೆಗೆದುಕೊಂಡು ಸಾವಿರದ ನಾನೂರ ತೊಂಬತ್ತನ್ನು ಇನ್ನೂರ ಹನ್ನೆರಡರಿಂದ ಭಾಗಿಸಿದೆ. ಏಳು ಶನಿವಾರ, ಮೇಲೆ ಆರು ಕಿಲೋಮೀಟರ್. ಕಾಗದವನ್ನು ಅವರ ಮೂಗಿನ ಕೆಳಗೆ ಹಿಡಿದು, ಏಳೇ ಏಳು ಸಲ ಬಸ್ಸಿನಲ್ಲಿ ಹೋಗಿ, ಆ ಆರು ಕಿಲೋಮೀಟರ್ ನಡೆದಿದ್ದರೆ ಬ್ಯಾಟರಿ ಪುಕ್ಕಟೆ ಸಿಗುತ್ತಿತ್ತು ಎಂದೆ.

ಅವರು ಆ ಕಾಗದ ತೆಗೆದುಕೊಂಡು ಇಸ್ತ್ರಿ ಮೇಜಿನ ಮೇಲಿಟ್ಟರು.

“ಯಾವ ಏಳು ಬಿಡ್ಬೇಕಿತ್ತು? ನೀನೇ ಹೇಳು.”

ಅವತ್ತು ರಾತ್ರಿ ನಿನ್ನ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ಬೆಳಗಾಗುತ್ತಲೇ ನಿನಗೊಂದು ಕಾಗದ ಬರೆದು ಬ್ಯಾಟರಿಯ ಅರ್ಧ ಖರ್ಚು ನಿನ್ನದೂ ನಿನ್ನ ನಾಯಿಯದೂ ಎಂದು ಕೇಳಬೇಕು ಅಂದುಕೊಂಡೆ. ಈ ಕಾಗದ ಶುರುವಾಗಿದ್ದು ಹಾಗೆ. ನೀವಿಬ್ಬರೂ, ಆ ನಾಯಿಯೂ ಸೇರಿ ಮೂವರು, ನನ್ನ ಕಾರಿನಲ್ಲಿ ಕೂತು ಕೆರೆ ನೋಡಲು ಹೋಗುತ್ತಿದ್ದಿರಿ. ಮೂರೂವರೆ ವರ್ಷ ನಾನು ಇಲ್ಲಿ ಶನಿವಾರ ಒಬ್ಬಳೇ ಊಟ ಮಾಡಿ, ಅವರಿಗೆ ಅನ್ನ ಮುಚ್ಚಿಟ್ಟು ಕಾಯುತ್ತಿದ್ದೆ. ಅವರು ನಿನ್ನ ಮನೆಯಲ್ಲಿ ಉಂಡು ಬಂದು ನನ್ನ ಸಮಾಧಾನಕ್ಕೆ ಮತ್ತೆ ಉಣ್ಣುತ್ತಿದ್ದರು. ಅದಕ್ಕೇ ಸಕ್ಕರೆ ಏರಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ಆ ಕಾಗದವೇ ನಿನಗೆ ಬರುತ್ತಿತ್ತು.

ಮುಂದಿನ ವಾರ ಹೊಸ ಬ್ಯಾಟರಿಗೆ ಒಪ್ಪಿಗೆ ಸಹಿ ಹಾಕಲು ಮತ್ತೆ ಹೋದೆ. ಸಹಿ ಹಾಕಿ ಹೊರಗೆ ಬಂದು ಬಸ್ಸಿಗೆ ನಿಂತಿದ್ದಾಗ ದೊಡ್ಡಪ್ಪ ರಸ್ತೆ ದಾಟಿ ಬಂದರು. ಕೈ ಒರೆಸುವ ಬಟ್ಟೆಯನ್ನು ಹಿಂಡುತ್ತಾ ಪಕ್ಕದಲ್ಲಿ ನಿಂತರು.

“ಅಮ್ಮಾ, ಒಂದು ಮಾತು. ಆ ಫಿಲ್ಟರು ಹೋದ ಸರ್ವಿಸಲ್ಲೇ ಕ್ಲೀನ್ ಆಗ್ಬೇಕಿತ್ತು. ಕಾರ್ಡಲ್ಲಿ ಆಗಿದೆ ಅಂತ ಟಿಕ್ ಇದೆ. ಆ ಟಿಕ್ ನಂದು. ನಾನು ಅದನ್ನ ತೆಗೆದೇ ನೋಡಿಲ್ಲ. ಅವತ್ತು ಹನ್ನೊಂದು ಗಾಡಿ ಇತ್ತು, ಬೇಗ ಬಿಡಿ ಬೇಗ ಬಿಡಿ ಅಂತಿದ್ರು. ಅವತ್ತು ತೆಗೆದಿದ್ರೆ ಬ್ಯಾಟರಿ ಉಳ್ಕೋತಿತ್ತು. ಉಳೀದಿದ್ರೂ ಅವತ್ತು ನಿಮ್ಗೆ ವಾರಂಟಿ ಇತ್ತು.”

ಯಾಕೆ ಈಗ ಹೇಳುತ್ತಿದ್ದೀರಿ ಎಂದು ಕೇಳಿದೆ.

“ಅವತ್ತು ನೀವು ಕಾರಲ್ಲಿ ಕೂತು ಆ ಪರದೆ ನೋಡ್ತಿದ್ರಲ್ಲ. ಆವಾಗಿಂದ ಊಟ ಸೇರ್ತಿಲ್ಲ. ಹೇಳಿ ಹಗುರಾಗೋಣ ಅಂತ ಬಂದೆ. ನಿಮ್ಮಲ್ಲೇ ಇರ್ಲಿ ಅಮ್ಮಾ.”

ಬಸ್ಸು ಬಂತು. ನಾನು ಹತ್ತಲಿಲ್ಲ. ತಿರುಗಿ ನೆಟ್ಟಗೆ ಮ್ಯಾನೇಜರ್ ಕೋಣೆಗೆ ನಡೆದೆ. ಹೋದ ಸರ್ವಿಸಿನ ಜಾಬ್ ಕಾರ್ಡ್ ತೆಗೆಸಿದೆ, ಟಿಕ್ ತೋರಿಸಿದೆ, ದೊಡ್ಡಪ್ಪನನ್ನು ಕರೆಸಿದೆ. ನನ್ನ ಎದುರು ಹೇಳಿದ್ದನ್ನು ಇವರ ಎದುರೂ ಹೇಳಿ ಎಂದೆ. ಅವರು ಹೇಳಿದರು. ಬಾಯಿಮಾತು ಸಾಲದು, ಬರೆದುಕೊಡಿ ಎಂದೆ. ಅವರು ನಿಂತೇ ಬರೆಯತೊಡಗಿದರು. ಒಂದು ಕಡೆ ಪೆನ್ನು ನಿಲ್ಲಿಸಿ, ನಿರ್ಲಕ್ಷ್ಯ ಅನ್ನೋದಕ್ಕೆ ಯಾವ ಒತ್ತಕ್ಷರ ಅಮ್ಮಾ ಎಂದು ನನ್ನನ್ನೇ ಕೇಳಿದರು. ನಾನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ. ಅವರು ಬರೆದುಕೊಂಡರು.

ಸೆಂಟರಿನವರು ಬ್ಯಾಟರಿಯನ್ನು ತಮ್ಮ ಖರ್ಚಿನಲ್ಲೇ ಹಾಕಿಕೊಟ್ಟರು. ಕೂಲಿಯೂ ಕೇಳಲಿಲ್ಲ. ಹತ್ತು ದಿನ ಬಿಟ್ಟು ಕಾರು ತರಲು ಹೋದಾಗ ಕೀಲಿ ಕೊಟ್ಟವರು ಬೇರೆ ಯಾರೋ. ದೊಡ್ಡಪ್ಪ ಎಲ್ಲಿ ಎಂದು ಅಡ್ವೈಸರನ್ನು ಕೇಳಿದೆ.

“ಕೆಲಸದಿಂದ ಕಳಿಸಿಬಿಟ್ರು ಮೇಡಂ. ರಿಟೈರಾಗೋಕೆ ಒಂದೂವರೆ ವರ್ಷ ಇತ್ತು.” ನನ್ನನ್ನು ನೋಯಿಸಬೇಕೆಂದು ಹೇಳಿದ್ದಲ್ಲ ಅದು. ಹೇಳಿ, ಸಹಿ ಹಾಕಬೇಕಾದ ಜಾಗಕ್ಕೆ ಗುರುತು ಹಾಕಿಕೊಟ್ಟರು. ದೊಡ್ಡಪ್ಪನ ಮನೆ ಎಲ್ಲಿ ಎಂದರೆ, ಕೆಲಸದವರ ವಿಳಾಸ ಕೊಡುವ ಹಾಗಿಲ್ಲ ಎಂದರು. ನಿಯಮವಂತೆ. ನಿಯಮದ ಮೇಲೆ ನಾನೇನು ಹೇಳಲಿ.

ಇದಕ್ಕೆ ಮೊದಲೇ, ಬರೆಸಿಕೊಂಡು ಬಂದ ದಿನ ಸಂಜೆ, ಗೆದ್ದ ಖುಷಿಯಲ್ಲಿ ನಿನ್ನ ಅಪ್ಪನಿಗೆ ಎಲ್ಲ ಹೇಳಿದ್ದೆ. ಅವರು ತಟ್ಟೆಯ ಮುಂದೆ ಕೂತು ಕೇಳಿದರು.

“ಬರೆಸ್ಕೊಂಡ್ಯಾ?”

“ಬರೆಸ್ಕೊಂಡೆ. ಮತ್ತೆ ಬಾಯಿಮಾತಿಗೆ ಯಾರು ಬೆಲೆ ಕೊಡ್ತಾರೆ.”

“ಅವನು ಹೇಳ್ಕೊಂಡಿದ್ದು ನಿನ್ನ ಹತ್ರ. ಮ್ಯಾನೇಜರ್ ಹತ್ರ ಅಲ್ಲ.”

ಅಷ್ಟೇ. ಜಗಳ ಆಡಲಿಲ್ಲ. ಕೈ ತೊಳೆದು ಬಂದು, ತಮ್ಮ ಕೀಲಿಗೊಂಚಲಿನಿಂದ ಕಾರಿನ ಕೀಲಿ ಬಿಡಿಸಿ ನನ್ನ ಕಡೆಯ ಮೊಳೆಗೆ ನೇತುಹಾಕಿದರು. ಅಂದಿನಿಂದ ಕಾರು ಮುಟ್ಟಿಲ್ಲ. ಇವತ್ತು ಬೆಳಿಗ್ಗೆ ಆರಕ್ಕೇ ಬಸ್ಸಿಗೆ ಹೋದರು. ಎರಡು ಕಡೆ ಬಸ್ಸು ಬದಲಿಸಬೇಕಂತೆ. ಈಗ ನಿನ್ನೆದುರೇ ಕೂತಿರುತ್ತಾರೆ. ನೀನು ಚಿತ್ರಗಳಿಗೆ ಚೌಕಟ್ಟು ಹಾಕುವ ಅಂಗಡಿಯಲ್ಲಿ ಇದ್ದೀಯ, ಗಾಜು ಕತ್ತರಿಸುವಾಗ ಹೆಬ್ಬೆರಳು ಕೊಯ್ದುಕೊಂಡು ಮೂರು ಹೊಲಿಗೆ ಹಾಕಿಸಿಕೊಂಡೆ ಎಂದು ಮೊನ್ನೆ ಹೇಳಿದರು. ನಾನು ಕೇಳದೆಯೇ ಹೇಳಿದರು. ಧನುರ್ವಾಯುವಿನ ಸೂಜಿ ಹಾಕಿಸಿಕೊಂಡೆಯಾ? ಇಲ್ಲದಿದ್ದರೆ ಈ ಕಾಗದ ಪಕ್ಕಕ್ಕಿಟ್ಟು ಮೊದಲು ಆ ಕೆಲಸ ಮಾಡು.

ಇನ್ನು ಆ ವಿಷಯ. ಐದು ವರ್ಷದ ಹಿಂದೆ ಒಂದೇ ಕೌಂಟರಿನಲ್ಲಿ ನಾವಿಬ್ಬರೂ ಇದ್ದೆವು. ರಕ್ತದೊತ್ತಡದ ಐದು ಮಿಲಿಗ್ರಾಂ ಮಾತ್ರೆ ಕೇಳಿದ ಮುದುಕಿಗೆ ನಿನ್ನ ಕೈಯಿಂದ ಹತ್ತರದು ಹೋಯಿತು. ಆಕೆ ಬಚ್ಚಲಲ್ಲಿ ತಲೆಸುತ್ತಿ ಬಿದ್ದು ಸೊಂಟ ಮುರಿದುಕೊಂಡಳು. ನಾನು ಹಿರಿಯ ಫಾರ್ಮಸಿಸ್ಟ್. ಮಗಳೆಂದು ಮುಚ್ಚಿಡಲು ಆಗುತ್ತಿತ್ತೇ? ಸ್ಟ್ರಿಪ್ ಮೇಲಿನ ಅಂಕಿ ಓದದೆ ಕೊಟ್ಟಿದ್ದಾಳೆ ಎಂದು ಬರೆದೆ. ಅದು ಸುಳ್ಳಲ್ಲ. ನಿನ್ನನ್ನು ಕೆಲಸದಿಂದ ತೆಗೆದರು, ಎರಡು ವರ್ಷ ಪರವಾನಗಿ ಕಿತ್ತುಕೊಂಡರು. ನೀನು ಮತ್ತೆ ಆ ಕಡೆ ತಿರುಗಿ ನೋಡಲಿಲ್ಲ. ಹೋಗುವಾಗ, ನೀನು ಮೊದಲು ನನ್ನ ಹತ್ತಿರ ಒಂದು ಮಾತು ಕೇಳಬಹುದಿತ್ತು ಅಮ್ಮ ಎಂದೆ. ಕೇಳುವುದೇನಿತ್ತು, ಎಲ್ಲ ಕಣ್ಣೆದುರಿಗೇ ಇತ್ತಲ್ಲ ಎಂದೆ ನಾನು.

ಆವತ್ತು ಬರೆದದ್ದರಲ್ಲಿ ಒಂದು ಅಕ್ಷರವನ್ನೂ ಇವತ್ತಿಗೂ ಬದಲಿಸುವುದಿಲ್ಲ. ನಿನ್ನ ಅಪ್ಪನಿಗೂ ಇದನ್ನೇ ಹೇಳಿದ್ದೇನೆ.

ಬ್ಯಾಟರಿಯ ಖರ್ಚು ನಿನ್ನಿಂದ ಏನೂ ಬೇಡ. ಉತ್ತರ ಬರೆಯಲೇಬೇಕೆಂದೂ ಇಲ್ಲ.

ಇಂತು,
ನಿನ್ನ ಅಮ್ಮ

ತಾ. ಕ.: ಲಕೋಟೆ ಅಂಟಿಸಿ, ಮತ್ತೆ ಬಿಡಿಸಿದ್ದೇನೆ.

ವರದಿ ಕೊಟ್ಟ ಮೂರನೆಯ ದಿನ ಆ ಡ್ರಾಯರನ್ನು ನಾನೇ ಖಾಲಿ ಮಾಡಿದೆ. ಐದರ ಸ್ಟ್ರಿಪ್‌ಗಳ ಮಧ್ಯೆ ಹತ್ತರವು ಇನ್ನೂ ನಾಲ್ಕು ಇದ್ದವು. ಡ್ರಾಯರ್ ತುಂಬಿಸಿದವರು ಸಹಿ ಹಾಕುವ ಚೀಟಿಯಲ್ಲಿ ಇದ್ದದ್ದು ನನ್ನ ಸಹಿ. ನಾನು ಇಟ್ಟದ್ದನ್ನೇ ನೀನು ತೆಗೆದುಕೊಟ್ಟೆ. ನೀನು ಅಂಕಿ ಓದಬೇಕಿತ್ತು, ನಿಜ. ಇಡುವಾಗ ನಾನೂ ಓದಿರಲಿಲ್ಲ. ನಾಲ್ಕನ್ನೂ ಅವುಗಳ ಜಾಗಕ್ಕೆ ಸೇರಿಸಿದೆ, ಚೀಟಿಯನ್ನು ಚೀಲಕ್ಕೆ ಹಾಕಿಕೊಂಡೆ, ಯಾರಿಗೂ ಹೇಳಲಿಲ್ಲ.

ಆ ಚೀಟಿ ಈ ಕಾಗದದ ಜೊತೆಗಿದೆ. ಕೆಳಗೆ ನಡೆದದ್ದನ್ನು ಬರೆದು ಇವತ್ತಿನ ದಿನಾಂಕ ಹಾಕಿ ಸಹಿ ಮಾಡಿದ್ದೇನೆ. ಆಸ್ಪತ್ರೆಗೆ ಕೊಡುತ್ತೀಯೋ ಒಲೆಗೆ ಹಾಕುತ್ತೀಯೋ ನಿನಗೆ ಬಿಟ್ಟದ್ದು.

ಅಪ್ಪನಿಗೆ ಇದು ಗೊತ್ತಿಲ್ಲ. ಸಂಜೆ ಅವರು ಬಸ್ಸಿಳಿದು ಬಂದಾಗ ನಾನೇ ಹೇಳಬೇಕು ಅಂದುಕೊಂಡಿದ್ದೇನೆ. ಬಾಯಿ ಬರುತ್ತದೋ ಇಲ್ಲವೋ. ಮುಂದಿನ ಸಲ ಅವರು ನಿನ್ನಲ್ಲಿಗೆ ಬಂದಾಗ ಮುಖ ನೋಡಿದರೆ ನಿನಗೆ ತಿಳಿಯುತ್ತದೆ. ನಾನು ಹೇಳಿಲ್ಲ ಅನ್ನಿಸಿದರೆ ನೀನೇ ಹೇಳಿಬಿಡು.